ಸದ್ದಿಲ್ಲದ ಕೋವಿ

ಕೋಟೆಯ ಡೋಲು ಬಡಿಯದೇ ಇದ್ದದ್ದೇ ಎಲ್ಲಕ್ಕೂ ಮೂಲ. ಆ ಡೋಲು ಕೇಳಿಯೇ ಏಳುವ ಅಭ್ಯಾಸವಿದ್ದ ಕೋವಿ ಗುರು ಇಸೊಗಾಯಿ ಜಿನ್ನೈ ಅವತ್ತು ಎದ್ದದ್ದು ಬಿಸಿಲು ಮೂಗಿನ ಮೇಲೆ ಬಿದ್ದ ಮೇಲೆ. ಹೆಂಡತಿ ಒಶಿನೊ ಪಿಸುಗುಟ್ಟಿದಳು.

"ರಾಜಧಾನಿ ಎದೊದಲ್ಲಿ, ದೇಶ ಆಳೋ ಶೋಗನ್ನರ ಚಿಕ್ಕಮ್ಮ ತೀರ್ಕೊಂಡ್ರಂತೆ ಕಣ್ರೀ. ಮೂರು ದಿನ ಎಲ್ಲೂ ಸದ್ದಾಗ್ಬಾರ್ದಂತೆ. ಡೋಲಿಲ್ಲ, ಹಾಡಿಲ್ಲ, ಬಡಗಿ ಸುತ್ತಿಗೇನೂ ಎತ್ತೋ ಹಾಗಿಲ್ಲ."

ಅವತ್ತು ಮಧ್ಯಾಹ್ನವೇ ಕೋಟೆಯ ಹೊಸ ಪ್ರಭುಗಳ ಮುಂದೆ ಜಿನ್ನೈಯ ಕೋವಿ ಪ್ರದರ್ಶನ. ನಾಳೆ ಅವರು ಶೋಗನ್ನರ ಸೇವೆಗೆ ಎದೊಗೆ ಹೊರಟರೆ ಮರಳುವುದು ವರ್ಷ ಕಳೆದು. ಯುದ್ಧಗಳು ನಿಂತು ನೂರು ವರ್ಷ ದಾಟಿದ್ದರಿಂದ ಉಗ್ರಾಣದವರು ಆರು ವರ್ಷದಿಂದ ಅವನಿಗೆ ಚಿಟಿಕೆ ಸಿಡಿಮದ್ದೂ ಕೊಟ್ಟಿರಲಿಲ್ಲ. ಅವನ ಮೂವರು ಶಿಷ್ಯರು ಖಾಲಿ ಕೋವಿ ಹಿಡಿದು, ಬಾಯಲ್ಲೇ "ಢಂ" ಎನ್ನುತ್ತ ವಿದ್ಯೆ ಕಲಿತಿದ್ದರು. ಇವತ್ತು ಪ್ರಭುಗಳು ಮೆಚ್ಚಿದರೆ ವರ್ಷ ವರ್ಷ ಮದ್ದು ಸಿಗುತ್ತಿತ್ತು. ಇಲ್ಲವಾದರೆ ಕೋವಿ ಶಾಲೆಯನ್ನು ಬಿಲ್ಲು ಶಾಲೆಗೆ ಸೇರಿಸುವುದೆಂದು ಮಂತ್ರಿ ಮೊದಲೇ ಹೇಳಿದ್ದ.

ಬೇಲಿಯಾಚೆಯಿಂದ ಬಿಲ್ಲು ಗುರು ಕುರಿಮೊತೊ ಇಣುಕಿದ.

"ಏನ್ ಗುರುಗಳೇ, ಕೋವಿಗೂ ಸೂತಕಾನಾ? ನಮ್ ಬಾಣ ಪಾಪ, ಹೋದದ್ದೇ ಗೊತ್ತಾಗಲ್ಲ."

"ಸುಮ್ನಿರಪ್ಪ, ಹೊಟ್ಟೆ ಉರೀತಿದೆ."

"ಮೆತ್ತಗೆ ಉರಿಸ್ಕೊಳ್ಳಿ. ಸದ್ದಾದೀತು!"

ಎದುರುಮನೆಯ ಒತೊಕಿ ಅಜ್ಜಿ ತನ್ನ ಹುಂಜದ ಕೊಕ್ಕಿಗೆ ಬಟ್ಟೆ ಸುತ್ತುತ್ತಲೇ ಉಪಾಯ ಹೇಳಿದಳು. "ಕೋವಿ ಬಾಯಿಗೆ ಹತ್ತಿ ತುರುಕಪ್ಪಾ. ನಮ್ಮನೆಯವ್ರ ಗೊರಕೆಗೆ ನಾನು ಹಾಗೇ ಮಾಡ್ತಿದ್ದೆ."

ಅಜ್ಜಿಯ ಯಜಮಾನರು ಹೇಗೆ ತೀರಿಕೊಂಡರೆಂದು ಜಿನ್ನೈ ಕೇಳಲು ಹೋಗಲಿಲ್ಲ. ನೇರ ಮಂತ್ರಿಯ ಬಳಿಗೆ ಓಡಿದ.

"ಪ್ರದರ್ಶನ ನಿಲ್ಸಿ ಅಂತ ಆಜ್ಞೆ ಬಂದಿಲ್ಲ. ಸದ್ದು ನಿಲ್ಸಿ ಅಂತ ಬಂದಿದೆ," ಎಂದ ಮಂತ್ರಿ. "ಪ್ರದರ್ಶನ ಮಾಡಿ, ಸದ್ದು ಮಾಡ್ಬೇಡಿ."

"ಸ್ವಾಮಿ, ಅದು ಕೋವಿ!"

"ನಿಮ್ ವಿದ್ಯೆ, ನಿಮ್ ಪಾಡು," ಎಂದವನೇ ಮಂತ್ರಿ ಪ್ರದರ್ಶನಕ್ಕೆಂದು ಹಿಂದಿನ ದಿನವಷ್ಟೇ ಕೊಟ್ಟಿದ್ದ ಮದ್ದಿನ ಚೀಲವನ್ನೂ ಕಿತ್ತುಕೊಂಡ.

ಮಧ್ಯಾಹ್ನ ಮೈದಾನದಲ್ಲಿ ಎಲ್ಲರೂ ಹಳೆಯ ಅಭ್ಯಾಸಬಲದಿಂದ ಕಿವಿಗೆ ಬೆರಳಿಟ್ಟು ಕೂತಿದ್ದರು. ಜಿನ್ನೈ ಖಾಲಿ ನಳಿಗೆಗೆ ಇಲ್ಲದ ಮದ್ದು ತುಂಬಿ, ಇಲ್ಲದ ಗುಂಡು ಜಡಿದು, ಮದ್ದು ಹೊತ್ತಿಸುವ ಬತ್ತಿಯ ಎರಡೂ ತುದಿಗೆ ಬೆಂಕಿ ತಾಗಿಸಿ, ಮಂಡಿಯೂರಿ ಗುರಿ ಹಿಡಿದ. ಸಾಕೆಂದು ಸನ್ನೆ ಮಾಡಬೇಕಾದವನು ಮಂತ್ರಿ. ಮಂತ್ರಿಯೋ ಊಟದ ಭಾರಕ್ಕೆ ಕಣ್ಣು ಮುಚ್ಚಿದ್ದ. ಎಡಗೈ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡಿದ್ದ ಬತ್ತಿಯ ಇನ್ನೊಂದು ತುದಿ ಉರಿಯುತ್ತ ಉರಿಯುತ್ತ ಚರ್ಮ ಮುಟ್ಟಿತು. ಅಯ್ಯೋ ಎಂದರೆ ಸದ್ದು, ಕೈ ಕೊಡವಿದರೆ ಪ್ರದರ್ಶನ ಹಾಳು. ಜಿನ್ನೈ ಹಲ್ಲು ಕಚ್ಚಿ ಅಲ್ಲಾಡದೆ ಕೂತ. ಕಣ್ಣೀರು ಮಾತ್ರ ಧಾರೆಯಾಗಿ ಗಲ್ಲಕ್ಕಿಳಿಯಿತು.

ಇಪ್ಪತ್ತರ ಹರೆಯದ ಪ್ರಭು ಎದ್ದು ಹತ್ತಿರ ಬಂದ.

"ಗುರುಗಳೇ, ಅಳ್ತಿದೀರಾ? ತೀರಿಹೋದ ಆ ತಾಯಿಗೋಸ್ಕರ ತಾನೇ?"

ಎಚ್ಚೆತ್ತ ಮಂತ್ರಿ ಹಿಂದಿನಿಂದ ಹೌದೆನ್ನುವಂತೆ ಜೋರಾಗಿ ತಲೆಯಾಡಿಸಿದ.

"ಹೌ... ಹೌದು ಪ್ರಭು."

"ಇಂಥ ನಿಷ್ಠೆ ನಾನು ಕಂಡಿರ್ಲಿಲ್ಲ!" ಪ್ರಭುವೂ ತೋಳಿನಿಂದ ಕಣ್ಣೊರೆಸಿಕೊಂಡ. "ನಿಜ ಹೇಳ್ಲಾ? ನಂಗೆ ಢಂ ಅಂದ್ರೆ ಜೀವ ಬಾಯಿಗೆ ಬರತ್ತೆ. ಈ ಪ್ರದರ್ಶನ ನೆನೆದು ವಾರದಿಂದ ನಿದ್ದೆ ಮಾಡಿಲ್ಲ. ಕೋವಿ ವಿದ್ಯೆ ಇಷ್ಟು ಚಂದ ಅಂತ ಯಾರೂ ಹೇಳ್ಲೇ ಇಲ್ವಲ್ಲ! ನಿಮ್ ಶಾಲೆ ಖಂಡಿತ ಉಳೀಬೇಕು. ಇನ್ಮೇಲೆ ಎಂದೆಂದಿಗೂ ಹೀಗೇ ಕಲಿಸ್ಬೇಕು. ಮದ್ದೇ ಬೇಡ! ಮುಂದಿನ ವರ್ಷ ನಾನೇ ಬಂದು ನಿಮ್ ಶಿಷ್ಯ ಆಗ್ತೀನಿ."

ಸಂಜೆಯೊಳಗೆ ಇಪ್ಪತ್ತು ಮಂದಿ ಹೊಸ ಶಿಷ್ಯರು ಬಾಗಿಲಲ್ಲಿ ಸಾಲು ನಿಂತರು. ಮೊದಲಿಗನೇ ಕುರಿಮೊತೊ. "ಬಾಣ ಬಿಟ್ರೆ ಓಡ್ಹೋಗಿ ಹೆಕ್ಕಬೇಕು ಗುರುಗಳೇ. ಇದೇ ಸುಖ," ಎಂದ.

ಒಶಿನೊ ಗಂಡನ ಬೆರಳಿಗೆ ಮುಲಾಮು ಹಚ್ಚಿದಳು. ಜಿನ್ನೈ ಗೊಣಗಿದ, "ಎಲ್ಲಾ ಸಿಕ್ತು ಕಣೇ, ನಂಗೆ ಬೇಕಾಗಿದ್ದೊಂದು ಬಿಟ್ಟು."

"ಯಾಕ್ರೀ ಕೊರಗ್ತೀರಿ? ಮುಂದಿನ ವರ್ಷ ಪ್ರಭುಗಳು ಬರ್ತಾರೆ. ಹುಡುಗು ಪ್ರಾಯ. ಕೈಲಿ ಕೋವಿ, ಉರಿಯೋ ಬತ್ತಿ, ಎದುರಿಗೆ ಗುರಿ. ಎಷ್ಟು ದಿನ ಅಂತ ಸುಮ್ನಿರ್ತಾರೆ? ಇದಕ್ಕೆ ಮದ್ದು ಹಾಕಿದ್ರೆ ಏನಾಗತ್ತೆ ಗುರುಗಳೇ ಅಂತ ಒಂದಲ್ಲ ಒಂದಿನ ಕೇಳೇ ಕೇಳ್ತಾರೆ."

ಜಿನ್ನೈ ಎದ್ದು ಎಣ್ಣೆ ಬಟ್ಟೆ ಹುಡುಕಿ, ಕೋವಿಯ ನಳಿಗೆ ಒರೆಸಲು ಕೂತ.