ಕಾಕಾನ ಬೇರಿಂಗು ಬಿಸಿಯಾದ ವರ್ಷ

ನಮ್ಮ ಕಾಕಾ ಯಾರ ಮನೆಗೆ ಹೋದರೂ ಮೊದಲು ಕುಶಲ ಕೇಳುವುದು ಅಂಗಳದಲ್ಲಿ ನಿಂತ ಗಾಡಿಯದ್ದು. ಮನುಷ್ಯರ ಸರದಿ ಆಮೇಲೆ! ಬಾಗಿ, ಗಾಲಿಯ ನಡುವಿನ ಹಬ್ಬಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಒಂದು ನಿಮಿಷ ನಿಲ್ಲುತ್ತಾರೆ, ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡಿದ ಹಾಗೆ. ಆಮೇಲೆ ಮನೆಯ ಯಜಮಾನನತ್ತ ತಿರುಗಿ, "ಒಳಗ ಬೇರಿಂಗ ಒಣಗೇತಿ. ಗ್ರೀಸ್ ತುಂಬಿ ಎಷ್ಟ ದಿನ ಆತು?" ಎನ್ನುತ್ತಾರೆ. "ಬರ್ರಿ, ಚಾ ಕುಡೀರಿ" ಎನ್ನಲು ಬಾಯಿ ತೆರೆದಿದ್ದ ಪಾಪದ ಯಜಮಾನ ತಲೆ ಕೆರೆದುಕೊಳ್ಳುತ್ತಾನೆ.

ಒಮ್ಮೆ ಮುಧೋಳದಲ್ಲಿ ಮದುವೆಗೆಂದು ಬಾಡಿಗೆಗೆ ತಂದ ಬಸ್ಸು ನಿಂತಿತ್ತು. ಕಾಕಾ ಬಿಟ್ಟಾರೆಯೇ? ನಾಲ್ಕೂ ಕಡೆ ಕೈ ಇಟ್ಟು ನೋಡಿದರು. ಡ್ರೈವರ್ ನಕ್ಕು, "ಏನ್ ಯಜಮಾನ್ರ, ಬಸ್ಸಿಗೆ ಜ್ವರ ಬಂದೈತೇನ್ರಿ?" ಎಂದ. ಕಾಕಾ ನಗಲಿಲ್ಲ. "ಇನ್ನಾ ಇಲ್ಲ. ಲೋಕಾಪುರ ದಾಟಿದ ಮ್ಯಾಲ ಬರತೈತಿ" ಎಂದರು. ಬಸ್ಸಿನಲ್ಲಿ ಕುಳಿತಿದ್ದ ಮೂವರು ಮುದುಕಿಯರು ಗಂಟುಮೂಟೆ ಸಮೇತ ಇಳಿದು ಬೇರೆ ಗಾಡಿ ಹತ್ತಿದರು!

ಸಮೀರವಾಡಿಯ ಸಕ್ಕರೆ ಕಾರ್ಖಾನೆ ಮುಂದೆ ಕಬ್ಬಿನ ಟ್ರೇಲರುಗಳ ಸಾಲು ನಿಂತರಂತೂ ಕಾಕಾನಿಗೆ ಹಬ್ಬ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಕಂಡವರ ಗಾಲಿಗೆಲ್ಲ ಕೈ ಇಟ್ಟು, ಗ್ರೀಸಿನ ಉಪದೇಶ ಕೊಟ್ಟು ಹಿಂದಿರುಗುವಷ್ಟರಲ್ಲಿ ತಮ್ಮದೇ ಸರದಿ ತಪ್ಪಿ ಹೋಗಿರುತ್ತದೆ. ಅದಕ್ಕೇನೂ ಬೇಸರವಿಲ್ಲ. ಅವರಿಗೆ ಇದ್ದದ್ದು ಒಂದೇ ಜಂಬ: "ಮೂವತ್ತ ವರ್ಷ ಕಬ್ಬ ಹೇರೇನಿ, ನನ್ನ ಟ್ರೇಲರದ ಹಬ್ಬು ಒಂದ ಸಲಾನೂ ಬಿಸಿ ಆಗಿಲ್ಲ!" ನಮ್ಮೂರು ಸಾವಳಗಿಯಲ್ಲಿ ಈ ಮಾತು ಕೇಳದ ಕಿವಿ ಇಲ್ಲ. ಕಾಕಾನ ಹೆಂಡತಿ, ನಮ್ಮ ಚಿಗವ್ವ ಮಾತ್ರ, "ಮದುವ್ಯಾಗ ನನ್ನ ಕೈ ಸೈತ ಇಷ್ಟ ಪ್ರೀತಿಲೆ ಹಿಡದಿಲ್ಲವ್ವ ಇವರು" ಎಂದು ಮೂಗು ಮುರಿಯುತ್ತಾಳೆ.

ಈ ಚಿಗವ್ವನಿಗೆ ಒಂದು ಆಸೆ. ಎಲ್ಲಮ್ಮನ ಗುಡ್ಡಕ್ಕೆ ಹೋಗಿ, ಅಲ್ಲೇ ಒಲೆ ಹೂಡಿ ಹೋಳಿಗೆ ಕಡಬು ಮಾಡಿ, ತನ್ನ ಕೈಯಾರೆ ದೇವಿಯ ನೈವೇದ್ಯದ ಬುಟ್ಟಿ, ಪಡ್ಡಲಗಿ, ತುಂಬಿಸಿ ಬರಬೇಕು. ಇದೇನು ದೊಡ್ಡ ಮಾತು ಎನ್ನುತ್ತೀರಾ? ವರ್ಷ ವರ್ಷ ನಮ್ಮ ಮನೆಯ ಹದಿನಾಲ್ಕು ಜನ ಟ್ರೇಲರಿಗೆ ತಾಡಪತ್ರಿ ಕಟ್ಟಿ, ಹಾಸಿಗೆ, ಹಂಡೆ, ಹಿಟ್ಟು, ಬೆಲ್ಲ ಹೇರಿಕೊಂಡು ಹೊರಡುತ್ತೇವೆ. ಎಲ್ಲ ಕಟ್ಟಿಕೊಡುವವಳು ಚಿಗವ್ವನೇ. ಆದರೆ ಟ್ರ್ಯಾಕ್ಟರ್ ಚಾಲೂ ಆಯಿತೋ, "ನನ್ನ ಮೊಳಕಾಲ ಹಿಡದಾವು, ನೀವ ಹೋಗಿ ಬರ್ರಿ" ಎನ್ನುತ್ತಾಳೆ. ಮರುವರ್ಷ ತಲೆಶೂಲೆ. ಅದರ ಮರುವರ್ಷ "ಎಮ್ಮಿ ಈಯೂದೈತಿ." ಎಮ್ಮೆ ಈದು ತಿಂಗಳಾಗಿತ್ತು! ನಾವು ಓಣಿ ತಿರುಗುವವರೆಗೆ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಹೀಗೆ ಆರು ವರ್ಷ.

ಈ ಸಲ ಗುಡ್ಡದ ಜಾತ್ರೆಯ ಹುಣ್ಣಿಮೆಗೆ ಹತ್ತು ದಿನ ಇರುವಾಗಲೇ ಕಾಕಾ ಘೋಷಿಸಿದರು: "ಈ ವರ್ಷ ಇಕಿ ಬರತಾಳ. ನಾ ನಾಲ್ಕೂ ಗಾಲಿಗೆ ಹೊಸಾ ಬೇರಿಂಗ ಹಾಕತೇನಿ." ಚಿಗವ್ವನ ಮೊಳಕಾಲಿಗೂ ಟ್ರೇಲರಿನ ಬೇರಿಂಗಿಗೂ ಏನು ಸಂಬಂಧ? ನಮಗೆ ಯಾರಿಗೂ ಹೊಳೆಯಲಿಲ್ಲ.

ನಾನು ಬನಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರ. ಆದರೂ ಆ ರವಿವಾರ ಜಾಕ್ ಏರಿಸುವ ಕೆಲಸಕ್ಕಷ್ಟೇ ಯೋಗ್ಯನೆಂದು ಕಾಕಾ ತೀರ್ಮಾನಿಸಿದರು. ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಒಂದನ್ನು ಎತ್ತಿ, ಹಬ್ಬಿನ ಟೋಪಿ ತೆಗೆದು, ಪಿನ್ನು ಕಿತ್ತು, ನಟ್ಟು ಬಿಚ್ಚಿ ಗಾಲಿ ಎಳೆದೆವು. ಹಳೆಯ ಬೇರಿಂಗನ್ನು ಡೀಸೆಲ್‌ನಲ್ಲಿ ತೊಳೆದು, ಬಿಸಿಲಿಗೆ ಹಿಡಿದು, ಒಂದೊಂದು ರೋಲರನ್ನೂ ಹರಳು ಪರೀಕ್ಷಿಸುವ ಅಕ್ಕಸಾಲಿಗನಂತೆ ತಿರುವಿ ನೋಡಿದರು. "ಇಲ್ಲಿ ಸಣ್ಣ ತೂತ ಬಿದ್ದಾವ ನೋಡು. ಇದರ ಆಯುಷ್ಯ ಮುಗೀತು." ಬೇರಿಂಗು ಕೂಡುವ ಒಳಗಿನ ಉಕ್ಕಿನ ಬಳೆಯನ್ನು ಸುತ್ತಲೂ ಸಮನಾಗಿ ಬಡಿದು ಹೊರಗೆ ತೆಗೆದು, ಹೊಸದನ್ನು ಅಷ್ಟೇ ಹುಷಾರಾಗಿ ಕೂಡಿಸಿದರು. ಆಮೇಲೆ ಎಡ ಅಂಗೈ ತುಂಬ ಗ್ರೀಸ್ ಇಟ್ಟುಕೊಂಡು ಹೊಸ ಬೇರಿಂಗನ್ನು ಅದಕ್ಕೆ ಒತ್ತಿ ಒತ್ತಿ, ಈ ಕಡೆಯಿಂದ ಹೋದ ಗ್ರೀಸ್ ಆ ಕಡೆಯಿಂದ ಇಣುಕುವವರೆಗೆ ಬಿಡಲಿಲ್ಲ. ಸೀಲ್ ಹೊಸದು, ಪಿನ್ನು ಹೊಸದು. ಗಾಲಿ ತಿರುಗಿಸುತ್ತ ನಟ್ಟು ಬಿಗಿದು, ಮತ್ತೆ ಚೂರು ಸಡಿಲಿಸಿದರು. "ಬಾಳ ಬಿಗದ್ರ ಸುಡತೈತಿ, ಸಡಲ ಬಿಟ್ರ ಅಳ್ಳಾಡತೈತಿ" ಎಂದು ನನಗೇ ಪಾಠ!

ಅಷ್ಟರಲ್ಲಿ ಚಿಗವ್ವ ಚಹಾ ತಂದಳು. ಕಾಕಾನ ಕೈಯೆಲ್ಲ ಗ್ರೀಸು. ಬೈಯುತ್ತಲೇ ಬಶಿಯಲ್ಲಿ ಆರಿಸಿ ಬಾಯಿಗೆ ಹಿಡಿದಳು. "ಇಷ್ಟ ಯಾಕ ಒದ್ದಾಡತೀರಿ? ನನಗ ಬರಾಕ ಆಗೂದಿಲ್ಲ."

"ನೀ ಬಾ. ದಾರ್ಯಾಗಿಂದು ನನಗ ಬಿಡು" ಎಂದರು ಕಾಕಾ. ಚಿಗವ್ವ ಬಶಿ ಎತ್ತಿಕೊಂಡು ಒಳಗೆ ಹೋದಳು.

ಹೊರಡುವ ದಿನ ಚಿಗವ್ವ ನಿಜವಾಗಿಯೂ ಟ್ರೇಲರ್ ಹತ್ತಿದಳು! ನಾನು ಟ್ರ್ಯಾಕ್ಟರ್ ಹೊಡೆಯುತ್ತಿದ್ದೆ, ಕಾಕಾ ಪಕ್ಕದ ಮಡ್‌ಗಾರ್ಡ್ ಮೇಲೆ. ಜಮಖಂಡಿ ಇನ್ನೂ ಬಂದಿರಲಿಲ್ಲ. "ನಿಂದರ್ಸು!" ಎಂದು ಕೂಗಿದರು. "ಬಲಗಡಿ ಹಬ್ಬು ಬಿಸಿ ಆಗೇತಿ. ಗಂಡಸರೆಲ್ಲಾ ಇಳದ ಈ ಕಡೆ ಬರ್ರಿ!"

ಗಂಡಸರೆಲ್ಲ ರಸ್ತೆಯ ಕಡೆಗೆ ಇಳಿದು ಸಾಲಾಗಿ ನಿಂತು ಹಬ್ಬಿನ ಮೇಲೆ ಕೈ ಇಟ್ಟೆವು. ನನಗೆ ತಣ್ಣಗೇ ಹತ್ತಿತು.

"ಕಾಕಾ, ಇದು ಬಿಸಿ ಆಗೇ ಇಲ್ಲಲ್ರಿ."

"ಚಾಕ್‌ಪೀಸ್ ಹಿಡ್ಯೂ ಕೈಗೆ ಏನ ತಿಳೀತೈತಿ? ನೆಟ್ಟಗ ಇಡು! ಹತ್ತ ನಿಮಿಷ ಆರಲಿ."

ಮುಧೋಳ ದಾಟಿ ಕಬ್ಬಿನ ಗದ್ದೆ ಬಂತು, ಹಬ್ಬು ಬಿಸಿಯಾಯಿತು. ಜಾಲಿ ಕಂಟಿ ಬಂತು, ಹಬ್ಬು ಬಿಸಿಯಾಯಿತು. ಎತ್ತರದ ಜೋಳ ಬಂತು, ಮತ್ತೆ ಬಿಸಿ! ಬಯಲು ಬಂದರೆ ಮಾತ್ರ ತಣ್ಣಗಿರುವ ಇದೆಂಥ ಬೇರಿಂಗು? ಪ್ರತಿ ಸಲವೂ ಬಲಗಡೆಯದೇ ಯಾಕೆ? ಭೌತಶಾಸ್ತ್ರ ಓದಿದ ನನಗೇ ತಲೆ ಕೆಟ್ಟಿತು.

ಬನಹಟ್ಟಿಯಲ್ಲಿ ಮಗ್ಗ ಇಟ್ಟಿರುವ ಅಕ್ಕನ ಗಂಡ ಬಿಡುವ ಆಸಾಮಿಯಲ್ಲ. "ಕಾಕಾರ, ಮೂವತ್ತ ವರ್ಷದ ಹೆಸರು ಇವತ್ತ ಒಂದ ದಿನದಾಗ ಹೋತಲ್ಲರಿ!" ಎಂದ. ಎಲ್ಲರೂ ಹೋ ಎಂದು ನಕ್ಕರು.

ಕಾಕಾ ಈಗ ಅವನ ಏಳು ತಲೆಮಾರು ಜಾಲಾಡುತ್ತಾರೆ ಎಂದು ಕಾದೆ. ಅವರು ತಲೆ ತಗ್ಗಿಸಿದರು. "ವಯಸ್ಸಾತಪಾ. ಗ್ರೀಸ್ ತುಂಬೂದ್ರಾಗ ಎಲ್ಲೋ ತಪ್ಪೇನಿ" ಎಂದರು. ಆ ಬೇರಿಂಗು ಕೂಡಿಸುವಾಗ ಪಕ್ಕದಲ್ಲೇ ಇದ್ದವನು ನಾನು. ಎಲ್ಲಿ ತಪ್ಪಿದ್ದರು?

ಐದನೆಯ ಸಲ ನಿಂತಾಗ ನನ್ನ ತಾಳ್ಮೆ ಮುಗಿಯಿತು. "ಇದು ತಣ್ಣಗೈತಿ ಕಾಕಾ. ಎಡಗಡಿದೂ ಮುಟ್ಟಿ ನೋಡತೇನಿ, ತಾಳ್ರಿ!" ಎಂದು ಟ್ರೇಲರಿನ ಆ ಬದಿಗೆ ನಡೆದೆ. ಕಾಕಾ ಓಡಿಬಂದು ನನ್ನ ರಟ್ಟೆ ಹಿಡಿದು ಜಗ್ಗಿದರು. "ಆ ಕಡೆ ಹೋಗಬ್ಯಾಡ!"

ಅಷ್ಟರಲ್ಲೇ ಕಂಡಿತು. ಜೋಳದ ಸಾಲಿನಿಂದ ಸೆರಗು ಸರಿಪಡಿಸಿಕೊಳ್ಳುತ್ತ ಚಿಗವ್ವ ಬರುತ್ತಿದ್ದಳು. ಕೈಯಲ್ಲಿ ಖಾಲಿ ತಂಬಿಗೆ. ಹಿಂದೆ ನಮ್ಮವ್ವ, ಅಕ್ಕ, ನನ್ನ ಹೆಂಡತಿ. ನಾನು ಸಟ್ಟನೆ ಮುಖ ತಿರುಗಿಸಿದೆ.

ಕಾಕಾ ನನ್ನನ್ನು ಟ್ರ್ಯಾಕ್ಟರಿನ ಮುಂದಕ್ಕೆ ಕರೆದುಕೊಂಡು ಹೋಗಿ ದನಿ ಇಳಿಸಿದರು. "ಅಕಿಗೆ ಸಕ್ಕರಿ ಬ್ಯಾನಿ ಐತಿ. ತಾಸಿಗೊಮ್ಮೆ ಹೋಗಬೇಕಾಗತೈತಿ. ಅಳಿಯಂದ್ರು ಕುಂತಾರ, ಮಕ್ಕಳು ಕುಂತಾರ, ಅವರ ಮುಂದ ಗಾಡಿ ನಿಂದರ್ಸ್ರಿ ಅಂತ ಹೆಂಗ ಅಂದಾಳು? ಒಂದ ವರ್ಷ ಗುಡ್ಡಕ್ಕ ಬರಬೇಕಂತ ಹಿಂದಿನ ದಿನದಿಂದನ ನೀರ ಬಿಟ್ಟಿದ್ಲು. ಹೊರಡೂದ್ರಾಗ ತಲಿ ತಿರಗಿತು. ಆರು ವರ್ಷ ನನ್ನ ಮುಂದನೂ ಮೊಳಕಾಲು, ಎಮ್ಮಿ ಅಂತ ಸುಳ್ಳ ಹೇಳಿದ್ಲು ನೋಡು. ಮೊನ್ನೆ ಡಾಕ್ಟರ ಕೇಳಿದಾಗ ಬಾಯಿ ಬಿಟ್ಲು. ಊರ ಮಂದಿ ಗಾಲಿ ಮುಟ್ಟಿ ನೋಡಿದೆ, ಮನ್ಯಾಗಿನಾಕಿ ಸಂಕಟ ನನಗ ತಿಳೀಲಿಲ್ಲ."

"ಖರೇ ಸಂಗತಿ ಹೇಳಿದ್ರ ಯಾರ ಬ್ಯಾಡಂತಿದ್ರು ಕಾಕಾ? ನಿಮ್ಮ ಬೇರಿಂಗಿನ ಹೆಸರು..."

"ಬೇರಿಂಗಿನ ಹೆಸರು ಹೋದ್ರ ಹೋಗ್ಲಿ ಬಿಡಪಾ. ಅಕಿಗೆ ನಾಚಿಕಿ ಆಗಬಾರ್ದು."

ನಾನು ಟ್ರೇಲರಿನ ಕಡೆ ತಿರುಗಿದೆ. ನನ್ನ ಹೆಂಡತಿ ಟ್ರೇಲರ್ ಹತ್ತುತ್ತ ನನ್ನ ಮುಖ ನೋಡಿ, "ಮಾಸ್ತರಿಗೆ ಈಗ ತಿಳೀತೇನ್ರಿ? ಹೆಂಗಸರಿಗೆಲ್ಲಾ ಮೊದಲನೇ ಸಲಕ್ಕ ತಿಳದೈತಿ!" ಎಂದು ಪಿಸುಗುಟ್ಟಿ ನಕ್ಕಳು.

ಗುಡ್ಡದ ಮೇಲೆ ಚಿಗವ್ವ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಹೋಳಿಗೆ ಬೇಯಿಸಿದಳು. ಆರು ವರ್ಷ ಬಾಗಿಲಲ್ಲೇ ನಿಂತವಳು ಪಡ್ಡಲಗಿ ತುಂಬಿಸಿ, "ಉದೋ!" ಎಂದಳು. ಎಲ್ಲರಿಗಿಂತ ದೊಡ್ಡ ದನಿ ಅವಳದೇ. ಕಾಕಾ ದೂರ ನಿಂತು, ಬೇರೆ ಯಾರದೋ ಟ್ರೇಲರಿನ ಗಾಲಿ ನೋಡುತ್ತಿರುವ ಹಾಗೆ ನಟಿಸುತ್ತಿದ್ದರು.

ಮರುದಿನ ಮುಂಜಾನೆ ಹೊರಡುವ ಮುಂಚೆ ಚಿಗವ್ವ ಎಲ್ಲರ ಎದುರಿಗೇ ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು. ಇನ್ನೂ ಅರ್ಧ ತಂಬಿಗೆ ಹಾಕಿಸಿಕೊಂಡು ಅದನ್ನೂ ಕುಡಿದಳು. ನೋಡಿ ನನ್ನ ಕಣ್ಣು ತುಂಬಿತು.

ಒಂದು ತಾಸು ನಡೆದಿರಬೇಕು. ದಾರಿ ಪಕ್ಕ ದಟ್ಟ ಕಬ್ಬು ಬಂತು. ಈ ಸಲ ಕಾಕಾ ಬಾಯಿ ತೆರೆಯುವ ಮೊದಲೇ ನಾನು ಬ್ರೇಕ್ ಒತ್ತಿದೆ. ಇಳಿದು ಹೋಗಿ ಬಲಗಡೆ ಹಬ್ಬಿನ ಮೇಲೆ ಕೈ ಇಟ್ಟೆ. ಚಳಿಗೆ ಕಬ್ಬಿಣ ಕೊರೆಯುತ್ತಿತ್ತು. ಝಟ್ಟನೆ ಕೈ ಹಿಂದಕ್ಕೆಳೆದು, ಬೆರಳು ಝಾಡಿಸುತ್ತ, "ಅಯ್ಯಯ್ಯೋ ಕಾಕಾ, ಬಾಳ ಸುಡಾಕತ್ತೈತ್ರಿ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದೆ.

ಕಾಕಾ ಬಂದು ತಾವೂ ಕೈ ಇಟ್ಟರು. ನನ್ನ ಮುಖ ನೋಡಿದರು. ಆಮೇಲೆ ನನ್ನ ಬೆನ್ನ ಮೇಲೆ ಒಂದು ಏಟು ಹಾಕಿ ಹೇಳಿದರು: "ಹೌದಪಾ, ಮಾಸ್ತರ ಹೇಳೂದು ಖರೆ. ಗಂಡಸರೆಲ್ಲಾ ಈ ಕಡೆ ಬರ್ರಿ."