ಭಾವನ ಸ್ಟಾಪ್‌ವಾಚು ಮತ್ತು ಡ್ರಮ್ಮರನ ಕಾಲು

ಒಮಾನಿನ ರುಸೈಲಿನ ಒಂದು ಪೈಪು ಕಾರ್ಖಾನೆಯ ಗೇಟಿನ ಒಳಗೆ, ಕಾವಲುಗಾರನ ಕೋಣೆಯಿಂದ ಮೂರು ಹೆಜ್ಜೆ ಆಚೆ, ತಗಡಿನ ಮಾಡಿನ ನೆರಳು ಮುಗಿಯುವ ಗೆರೆಯ ಮೇಲೆ ನಾನು ನಿಂತಿದ್ದೆ. ಎಣ್ಣೆಯ ಬೆಲೆ ಬಿದ್ದ ಎರಡನೆಯ ವರ್ಷ, ಮಾರ್ಚ್ ತಿಂಗಳ ಕೊನೆಯ ಗುರುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಅಲ್ಲಿ ಕಂಡದ್ದಕ್ಕೆ ನನ್ನ ಬಳಿ ಒಂದು ಚಿತ್ರವೂ ಇಲ್ಲ. ಚಿತ್ರವಿಲ್ಲದವನ ಸಾಕ್ಷ್ಯವನ್ನು ಯಾರು ನಂಬುತ್ತಾರೆ? ಅದಕ್ಕೇ ಹೆಜ್ಜೆ, ನಿಮಿಷಗಳನ್ನೆಲ್ಲ ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆ.

ಮೊದಲು ಭಾವನ ವಿಷಯ. ಅಕ್ಕನ ಗಂಡ, ದೇವರಂಥ ಮನುಷ್ಯ. ಆದರೆ ಅವರು ಕೇಳುವ ಸಂಗೀತ ದೇವರ ಕಿವಿಗೆ ಬಿದ್ದರೆ ಆತ ಅಂದೇ ಮನೆ ಬದಲಾಯಿಸುತ್ತಾನೆ! ಡೆತ್ ಮೆಟಲ್ ಎಂದು ಅದರ ಹೆಸರು. ಹಾಡುವವನು ಹಾಡುವುದಿಲ್ಲ, ಗುರುಗುಟ್ಟುತ್ತಾನೆ. ಡ್ರಮ್ಮು ಬಾರಿಸುವವನಿಗೆ ಎರಡು ಕಾಲು ಸಾಲದೇನೋ ಎನಿಸುತ್ತದೆ. ಯಾರೋ ಫಿಲಿಪಿನೋ ಸಹೋದ್ಯೋಗಿ ಊರಿಗೆ ಹೋಗುವಾಗ ಬಿಟ್ಟುಹೋದ ಸೀಡಿಗಳಿಂದ ಹತ್ತಿದ ಗೀಳು. ಉಡುಪಿ ಕಡೆಯ, ಐವತ್ತರ ಹತ್ತಿರದ, ಶನಿವಾರ ಒಪ್ಪೊತ್ತು ಮಾಡುವ ಮನುಷ್ಯ ಇದನ್ನು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ ಕೇಳುವುದನ್ನು ನೀವು ನೋಡಬೇಕಿತ್ತು.

ಒಂದು ಶುಕ್ರವಾರ ಬೆಳಿಗ್ಗೆ, ವಾದಿ ಕಬೀರ್ ಬಡಾವಣೆಯ ಅವರ ಫ್ಲ್ಯಾಟಿನ ಬಾಗಿಲನ್ನು ಪಕ್ಕದ ಮನೆಯ ಬಾಗಲಕೋಟೆಯವರು ತಟ್ಟಿದರು. ಕೈಯಲ್ಲೊಂದು ಮಿಕ್ಸರ್.

"ನಿಮ್ಮ ಮಿಕ್ಸರ್ ಕೆಟ್ಟಂಗ ಅದ ಅಲ್ರೀ? ನಮ್ಮದು ಇಟ್ಕೋರಿ."

"ಮಿಕ್ಸರ್ ಅಲ್ಲ ಮಾರಾಯ್ರೆ, ಸ್ವೀಡನ್ನಿನವರು," ಎಂದರು ಭಾವ.

"ಹೌದೇನ್ರಿ? ಪಾಪ, ಯಾರಾರ ಡಾಕ್ಟರಿಗೆ ತೋರಸ್ರಿ ಅವರ್ನ!"

ಒಳಗಿನಿಂದ ಅಕ್ಕ, "ಇವರಿಗೆ ಕುಕ್ಕರಿನ ಸೀಟಿ ಕೇಳುವುದಿಲ್ಲ, ಆ ರಾಕ್ಷಸ ಉಸಿರು ತೆಗೆದದ್ದು ಮಾತ್ರ ಕೇಳ್ತದೆ!" ಎಂದಳು.

ಸಂಗೀತಕ್ಕಿಂತ ದೊಡ್ಡ ಹುಚ್ಚು ಅದರ ಮೇಲೆ ತೆಗೆದ ಡಾಕ್ಯುಮೆಂಟರಿಗಳದ್ದು. ಭಾವ ಅವುಗಳನ್ನು ನೋಡುತ್ತಿದ್ದುದು ಪ್ರೀತಿಯಿಂದಲ್ಲ, ಜಗಳಕ್ಕೆ! ಸೋಫಾದ ಕೈಯ ಮೇಲೆ ಸ್ಟಾಪ್‌ವಾಚು, ತೊಡೆಯ ಮೇಲೆ, ತೆರೆಯಲ್ಲಿ ಯಾವುದು ಎಷ್ಟು ಹೊತ್ತು ಕಂಡಿತೆಂದು ಬರೆಯಲು ನೋಟ್‌ಬುಕ್ಕು.

"ಯಾರೋ ಹುಚ್ಚ ಅಭಿಮಾನಿ ಸುಟ್ಟ ಇಗರ್ಜಿ, ಹನ್ನೊಂದು ನಿಮಿಷ. ಉದ್ದ ಕೂದಲು, ಏಳು. ಕನ್ನಡಕ ಹಾಕಿದ ಮನಶ್ಶಾಸ್ತ್ರಜ್ಞ, ಆರು. ಡ್ರಮ್ಮರನ ಕಾಲು ಎಷ್ಟು ಗೊತ್ತುಂಟಾ?"

"ಎಷ್ಟು ಭಾವ?"

"ಒಂಬತ್ತು ಸೆಕೆಂಡು! ಆ ಕಾಲಿಗೆ ಅವನು ಹದಿನೈದು ವರ್ಷ ಕೊಟ್ಟಿದ್ದಾನೆ ಮಾರಾಯ."

"ಕಾಲನ್ನು ಎಷ್ಟು ಹೊತ್ತು ನೋಡುವುದು? ಜನರಿಗೆ ಕಥೆ ಬೇಡವಾ?"

"ನಮ್ಮ ಭೂತಕೋಲದ ಬಗ್ಗೆ ಹೊರಗಿನವರು ತೆಗೆದದ್ದು ನೋಡಿದ್ದೀಯಲ್ಲ. ಬೆಂಕಿ, ಬಣ್ಣ, ಕೂಗು. ಬೆಳಗ್ಗಿಂದ ವೇಷಕ್ಕೆ ತೆಂಗಿನ ಎಳೆಗರಿ ಸೀಳುತ್ತಾ ಕೂತವನನ್ನು ಒಬ್ಬನಾದರೂ ತೋರಿಸಿದ್ದಾನಾ? ನಿನಗೆ ಸಿಟ್ಟು ಬರಲಿಲ್ವಾ ಆಗ?"

ಬಂದಿತ್ತು. ನಾನು ಒಪ್ಪಿಕೊಳ್ಳಲಿಲ್ಲ, ಅಷ್ಟೇ.

ಭಾವ ಪಾಸು ಮಾಡಿದ್ದು ಒಂದೇ ಒಂದು ಡಾಕ್ಯುಮೆಂಟರಿಯನ್ನು. ಅದರಲ್ಲಿ ಡ್ರಮ್ಮರನ ತಾಯಿ, ಮಗನ ಕಾಲ್ಚೀಲ ವಾರಕ್ಕೊಂದು ಜೊತೆ ಹರಿಯುತ್ತದೆಂದು ಬೈಯುತ್ತಾಳೆ. "ಇವಳಿಗೆ ಗೊತ್ತುಂಟು," ಎಂದು ಭಾವ ನೆಟ್ಟಗೆ ಕೂತಿದ್ದರು.

ಅಷ್ಟರಲ್ಲಿ ಎಣ್ಣೆಯ ಬೆಲೆ ಬಿತ್ತು. ಎಣ್ಣೆ ಬಾವಿಗಳಿಗೆ ಪೈಪು ಕೊಳ್ಳುವವರು ಇಲ್ಲವಾದರು. ಕಾರ್ಖಾನೆಯ ನೋಟಿಸ್ ಬೋರ್ಡಿಗೆ ಕೆಲಸ ಹೋದವರ ಪಟ್ಟಿಗಳು ಬೀಳತೊಡಗಿದವು. ಹತ್ತೊಂಬತ್ತು ವರ್ಷ ಅಲ್ಲಿನ ಯಂತ್ರಗಳನ್ನು ರಿಪೇರಿ ಮಾಡಿದ ಭಾವನ ಹೆಸರು ಮೂರನೆಯ ಪಟ್ಟಿಯಲ್ಲಿತ್ತು.

ಊರಿಗೆ ಮರಳುವವರಿಗೆ ಶಾಲು ಹೊದಿಸಿ, ಹಿಂದೆ ಕೊಳಲು ಕೇಳಿಸುವ ಒಂದು ವೀಡಿಯೊ ತೋರಿಸುವುದು ನಮ್ಮ ಕನ್ನಡ ಸಂಘದ ಕ್ರಮ. ಭಾವನ ವೀಡಿಯೊ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಸಾಮಗ್ರಿಗೇನು ಬರ! ತಲೆಬುರುಡೆಯ ಟೀ ಶರ್ಟಿನಲ್ಲಿ ತುಳಸಿಗೆ ನೀರು ಹಾಕುವ ಭಾವ. ತಲೆ ಕುಣಿಸಿ ಕುಣಿಸಿ ಕುತ್ತಿಗೆ ಉಳುಕಿ, ಪಟ್ಟಿ ಕಟ್ಟಿಕೊಂಡು ಕೂತ ಭಾವ. ಮಿಕ್ಸರ್ ಕಥೆ ಹೇಳುವ ಬಾಗಲಕೋಟೆಯವರು. ಸಭೆ ಬಿದ್ದು ಬಿದ್ದು ನಕ್ಕಿತು. ಭಾವನೂ ನಕ್ಕರು. ಮರಳುವಾಗ ಕಾರಿನಲ್ಲಿ ಮಾತ್ರ ಮೆಲ್ಲಗೆ ಕೇಳಿದರು:

"ಏಳು ನಿಮಿಷ ಅಲ್ವಾ?"

"ಹೌದು ಭಾವ."

"ಚಂದ ಆಗಿತ್ತು. ಅದರಲ್ಲಿ ನನ್ನ ಕೆಲಸ ಎಷ್ಟು ಸೆಕೆಂಡು ಇತ್ತು?"

ಒಂದೂ ಇರಲಿಲ್ಲ. ನಾನು ಏಸಿಯ ಗಾಳಿಯನ್ನು ಸುಮ್ಮನೆ ಅತ್ತಿತ್ತ ತಿರುಗಿಸಿದೆ.

ಆರು ದಿನ ಕಳೆದು ಬಂದದ್ದೇ ಆ ಗುರುವಾರ, ಭಾವನ ಕೊನೆಯ ದಿನ. ಅವರ ಟೂಲ್ ಬಾಕ್ಸು ಕಂಪನಿ ಬಸ್ಸಿನಲ್ಲಿ ಬರುವಂಥದ್ದಲ್ಲವೆಂದು ಕಾರು ತೆಗೆದುಕೊಂಡು ಹೋದೆ. ಈ ಸಲ ಕೆಲಸವನ್ನೇ ಚಿತ್ರಿಸುತ್ತೇನೆಂದು ಫೋನನ್ನು ಪೂರ್ತಿ ಚಾರ್ಜು ಮಾಡಿದ್ದೆ. ಗೇಟಿನ ಕಾವಲುಗಾರ, ಮುದಿ ಪಠಾಣ, ಕೈ ಚಾಚಿದ. "ಫೋನ್ ಇಧರ್." ಒಳಗೆ ಕ್ಯಾಮೆರಾ ನಿಷಿದ್ಧ! ಕೊಟ್ಟೆ.

ಮೂವತ್ತು ಹೆಜ್ಜೆ ದೂರದಲ್ಲಿ ಶೆಡ್ಡಿನ ಬಾಗಿಲು ತೆರೆದಿತ್ತು. ಅಬ್ಬಾ, ಆ ಸದ್ದು! ಬಾಗಲಕೋಟೆಯವರ ನೂರು ಮಿಕ್ಸರ್ ಒಟ್ಟಿಗೆ ಕೆಟ್ಟಂತೆ! ಬ್ಯಾಡ್ಜು ಒಪ್ಪಿಸಿ ಬಾಗಿಲಿನವರೆಗೆ ಬಂದಿದ್ದ ಭಾವ ಥಟ್ಟನೆ ನಿಂತರು. ತಲೆ ಓರೆ ಮಾಡಿದರು. ಪೆಟ್ಟಿಗೆಯಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು ಹಿಂದಕ್ಕೆ ನಡೆದರು. ಅದರ ತುದಿಯನ್ನು ಒಂದು ಮೋಟಾರಿನ ಮೈಗೆ ಒತ್ತಿ, ಹಿಡಿಕೆಯನ್ನು ಡಾಕ್ಟರ ಸ್ಟೆತೊಸ್ಕೋಪಿನಂತೆ ಕಿವಿಗೆ ಆನಿಸಿ, ಕಣ್ಣು ಮುಚ್ಚಿದರು. ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಶೆಡ್ಡಿನ ಮೇಲ್ವಿಚಾರಕ, ಒಮಾನಿನವರೇ ಆದ ಸಾಲಿಂ, ಬಂದು ಹೆಗಲು ಮುಟ್ಟಿದರು. ಗದ್ದಲದ ಮೇಲೆ ಕೂಗಿ ಆಡಿದ ಮಾತು, ನನಗೂ ಕೇಳಿಸಿತು.

"ಭಾಯ್, ತುಮಾರಾ ಕಾಮ್ ಖಲಾಸ್! ಘರ್ ಜಾವ್!"

"ಮೇರಾ ಖಲಾಸ್, ಮಾಲೂಮ್! ಯೇ ಬೇರಿಂಗ್ ಭೀ ಖಲಾಸ್ ಹೋತಾ ಹೈ! ಇಸೀ ಹಫ್ತೇ ಬದಲೋ!" ತನ್ನ ಕೆಲಸದಂತೆ ಈ ಬೇರಿಂಗೂ ಮುಗಿಯುತ್ತಿದೆ, ಇದೇ ವಾರ ಬದಲಾಯಿಸಿ ಎಂದರು ಭಾವ.

ಸಾಲಿಂ ಹಿಡಿಕೆಗೆ ಕಿವಿ ಕೊಟ್ಟರು. ಏನೂ ಇಲ್ಲವೆಂದು ತಲೆಯಾಡಿಸಿದರು. ಆಗ ಭಾವ ಅವರ ಅಂಗೈ ಬಿಡಿಸಿ, ಬೆರಳಿನಿಂದ ಅದರ ಮೇಲೆ ಮೋಟಾರಿನ ತಾಳವನ್ನು ತಟ್ಟತೊಡಗಿದರು. ತಟ್ಟಿದರು, ತಟ್ಟಿದರು, ಒಂದು ಕಡೆ ಪೆಟ್ಟು ಬಿಟ್ಟರು. ಮತ್ತೆ ತಟ್ಟಿದರು, ಮತ್ತೆ ಅಲ್ಲೇ ಬಿಟ್ಟರು. ಕಿವಿಯನ್ನು ಹಿಡಿಕೆಯ ಮೇಲೇ ಇಟ್ಟು ಸಾಲಿಂ ಕಣ್ಣು ಮುಚ್ಚಿದರು. ಆಮೇಲೆ ತೆರೆದು, ಹೌದೆಂದು ತಲೆದೂಗಿದರು. ಸ್ಕ್ರೂಡ್ರೈವರನ್ನು ಮರಳಿಸಲು ಹೋದರೆ, ಭಾವ ಅವರ ಬೆರಳುಗಳನ್ನು ಅದರ ಸುತ್ತ ಮಡಚಿ ಇತ್ತ ನಡೆದು ಬಂದರು.

ಕಾವಲುಗಾರನ ಗಡಿಯಾರದಲ್ಲಿ ಮೂರೂ ಹದಿನಾಲ್ಕು. ಹತ್ತೊಂಬತ್ತು ವರ್ಷ ಗದ್ದಲದೊಳಗೆ ತಾಳ ತಪ್ಪಿದ ಒಂದೊಂದೇ ಸದ್ದನ್ನು ಹುಡುಕಿದವರಿಗೆ, ಎಲ್ಲೂ ತಾಳ ತಪ್ಪದ ಆ ಸ್ವೀಡನ್ನಿನವರ ಗದ್ದಲವೆಂದರೆ ಎಂಥ ವಿಶ್ರಾಂತಿಯಿರಬೇಕು!

ಭಾವ ಈಗ ಊರಿನಲ್ಲಿದ್ದಾರೆ. ಇದನ್ನೂ ಸ್ಟಾಪ್‌ವಾಚು ಒತ್ತಿಯೇ ಓದುತ್ತಾರೆ. ಭಾವ, ಈ ಸಲ ಕೆಲಸಕ್ಕೆ ಪೂರ್ತಿ ನಾಲ್ಕು ನಿಮಿಷ ಇಟ್ಟಿದ್ದೇನೆ, ನೋಡಿ.

ಚಿತ್ರವಿಲ್ಲ, ಕಂಡವರ ಹೆಸರು ಮಾತ್ರ ಕೊಡಬಲ್ಲೆ. ಗೇಟಿನ ಆ ಪಠಾಣ, ಗುಲ್ ಖಾನ್, ಮರುವರ್ಷ ತೀರಿಕೊಂಡರು. ಸಾಲಿಂ ಇದ್ದಾರೆ, ಬರ್ಕಾದಲ್ಲಿ. ಸ್ಕ್ರೂಡ್ರೈವರ್ ಇನ್ನೂ ಅವರ ಬಳಿಯಿದೆ. ನಾನಿದ್ದೇನೆ.