ಬೇಟೆಗಾರನ ಮೊಮ್ಮಗನೂ ತೂತು ಬಿದ್ದ ಗುಂಡುಗಳೂ

"ಬೇಟೆ ಅನ್ನೋದು ನಮ್ಮ ರಕ್ತದಲ್ಲೇ ಇದೆ ಸಾರ್!"

ಯತಿರಾಜ್ ಈ ಮಾತನ್ನು ಆಡಿದ್ದು ದೋಹಾದ ತನ್ನ ಆಫೀಸಿನಲ್ಲಿ, ಕಂಪನಿಯ ಯಜಮಾನ ಬೂ ನಾಸರ್ ಅವರ ಎದುರಿಗೆ, ಕರಕ್ ಚಹಾ ಹೀರುತ್ತಾ. ಆಡುವ ಅಗತ್ಯ ಎಳ್ಳಷ್ಟೂ ಇರಲಿಲ್ಲ. ಮೈಸೂರಿನ ಈ ಮನುಷ್ಯ ತನ್ನ ನಲವತ್ತಾರು ವರ್ಷಗಳ ಆಯುಷ್ಯದಲ್ಲಿ ಹೊಡೆದ ಪ್ರಾಣಿಗಳೆಂದರೆ ಸೊಳ್ಳೆ ಮತ್ತು ಜಿರಲೆ. ಅದರಲ್ಲೂ ಜಿರಲೆ ಸ್ವಲ್ಪ ದಪ್ಪಗಿದ್ದರೆ ಹೆಂಡತಿಯನ್ನು ಕರೆಯುತ್ತಿದ್ದ.

ಆದರೆ ಆ ಹೊತ್ತಿಗೆ ಅವನ ಕಣ್ಣು ಎದುರಿನ ಖಾಲಿ ಕ್ಯಾಬಿನ್ನಿನ ಮೇಲಿತ್ತು. ಬೇಟೆಗೆ, ಮರಳುಗಾಡಿನ ಶಿಬಿರಕ್ಕೆ ಬೇಕಾದ ಸಾಮಾನು ಮಾರುವ ಆ ಕಂಪನಿಯಲ್ಲಿ ಯತಿರಾಜ್ ಹನ್ನೊಂದು ವರ್ಷಗಳಿಂದ ಸೀನಿಯರ್ ಪರ್ಚೇಸ್ ಆಫೀಸರ್. ಗಿಡುಗ ಕೂರಿಸಿಕೊಳ್ಳುವ ಕೈಗವಸಿನಿಂದ ಹಿಡಿದು ಗುಡಾರದ ಗೂಟದವರೆಗೆ ಎಲ್ಲವನ್ನೂ ಕೊಳ್ಳುವವನು ಅವನೇ. ಹನ್ನೊಂದು ವರ್ಷವೂ ಅವನ ಕುರ್ಚಿ ಪ್ರಿಂಟರಿನ ಪಕ್ಕದಲ್ಲಿ. ಯಾರು ಏನು ಪ್ರಿಂಟ್ ಕೊಟ್ಟರೂ ಬಿಸಿ ಹಾಳೆ ಬಂದು ಅವನ ಮೊಣಕೈಗೆ ತಗುಲಬೇಕು! ಹೋದ ತಿಂಗಳು ಪರ್ಚೇಸ್ ಮ್ಯಾನೇಜರು ನಿವೃತ್ತರಾಗಿ ತ್ರಿಶೂರಿಗೆ ಹೊರಟುಹೋದ ಮೇಲೆ ಆ ಕ್ಯಾಬಿನ್ನು ಖಾಲಿ. ಗಾಜಿನ ಬಾಗಿಲು, ಒಂದು ಕಿಟಕಿ, ಮೂಲೆಯಲ್ಲಿ ಒಂದು ಗಿಡ. ಕಿಟಕಿಯಿಂದ ಕಾಣುವುದು ಬರೀ ಕಾರ್ ಪಾರ್ಕಿಂಗು. ಆದರೇನು, ಅದು ಮ್ಯಾನೇಜರಿಗೆ ಮಾತ್ರ ಕಾಣುವ ಕಾರ್ ಪಾರ್ಕಿಂಗು!

ಬೂ ನಾಸರ್ ಕಪ್ಪು ಕೆಳಗಿಟ್ಟರು.

"ನಿಜವಾಗ್ಲೂ? ನಿಮ್ಮ ಮನೆಯಲ್ಲಿ ಬೇಟೆಗಾರರಿದ್ರಾ?"

"ನಮ್ಮ ತಾತ ಸಾರ್. ಅರಮನೆಯ ಬೇಟೆ ಶಿಬಿರದಲ್ಲಿ ಇಪ್ಪತ್ತು ವರ್ಷ! ಕಾಕನಕೋಟೆ ಕಾಡಿನಲ್ಲಿ ಅವರನ್ನು ಕೇಳದೆ ಒಂದು ದಿನವೂ ಬೆಳಗಾಗುತ್ತಿರಲಿಲ್ಲ."

"ಮಾಶಾ ಅಲ್ಲಾಹ್!" ಅಂದರು ಬೂ ನಾಸರ್. "ನಾನು ಗಿಡುಗ ಹಿಡಿದು ಬೆಳೆದವನು. ಬಂದೂಕಿನ ಬೇಟೆ ಗೊತ್ತಿಲ್ಲ. ನವೆಂಬರಿನಲ್ಲಿ ಗೆಳೆಯರ ಜೊತೆ ಯುರೋಪಿಗೆ ಜಿಂಕೆ ಬೇಟೆಗೆ ಹೋಗ್ತಿದ್ದೇನೆ. ಯಾವ ಕಾಡತೂಸು, ಯಾವ ಗುಂಡು ಅಂತ ತಲೆ ಕೆಟ್ಟುಹೋಗಿದೆ. ನೀನು ಆರಿಸು. ಸರಿಯಾಗಿ ಆರಿಸಿದರೆ ಆ ಕ್ಯಾಬಿನ್ನಿನ ವಿಷಯ ಮಾತಾಡೋಣ. ಯಲ್ಲಾ, ಶುರು ಮಾಡು!"

ಹೀಗೆ ಗುರುವಾರ ಸಂಜೆ ಯತಿರಾಜ್ ಒಂದು ಮರದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಐನ್ ಖಾಲಿದ್ ಬಡಾವಣೆಯ ತನ್ನ ಮನೆಗೆ ಬಂದ. ಒಳಗೆ ಮಖಮಲ್ಲಿನ ಮೇಲೆ ಒಂಬತ್ತು ಕಾಡತೂಸು. ವಿದೇಶದ ಸರಬರಾಜುದಾರರು ಕಳಿಸಿದ ನಮೂನೆಗಳು. ಹಿತ್ತಾಳೆಯ ಕೊಳವೆ, ಅದರ ಬಾಯಿಗೆ ಸಿಕ್ಕಿಸಿದ ಗುಂಡು. ಒಳಗೆ ಮದ್ದಿಲ್ಲ, ಸುತ್ತಿಗೆಯಲ್ಲಿ ಹೊಡೆದರೂ ಸಿಡಿಯುವಂಥವಲ್ಲ. ಆದರೂ ಅವನು ಕಾರನ್ನು ಸ್ಪೀಡ್ ಬ್ರೇಕರಿನ ಮೇಲೆ ಉಸಿರು ಬಿಗಿಹಿಡಿದೇ ಹತ್ತಿಸಿದ್ದ.

ಹೆಂಡತಿ ಅರುಂಧತಿ ವಿಷಯವನ್ನೆಲ್ಲ ಕೇಳಿ ಸೊಂಟದ ಮೇಲೆ ಕೈಯಿಟ್ಟಳು.

"ನಿಮ್ಮ ತಾತ ಬೇಟೆಗಾರರಾ?"

"ಶಿಬಿರದಲ್ಲಿ ಇಪ್ಪತ್ತು ವರ್ಷ ಇದ್ರು ಕಣೇ!"

"ಇದ್ರು, ಅಡುಗೆಮನೇಲಿ. ಬೇಟೆಗೆ ಬಂದೋರಿಗೆ ಉಪ್ಪಿಟ್ಟು ಕೆದಕ್ತಾ. ಅತ್ತೆಯೇ ನನ್ಗೆ ಹೇಳಿದ್ದು. ಒಂದ್ಸಲ ಬಂದೂಕಿನ ಸದ್ದಿಗೆ ಬೆದರಿ ಸೌಟು ಹಿಡ್ಕೊಂಡೇ ಮರ ಹತ್ತಿದ್ರಂತಲ್ಲ!"

"ಶಿಬಿರ ಅಂದ್ಮೇಲೆ ಒಲೆಯೂ ಶಿಬಿರಾನೇ. ನಾನು ಒಂದು ಅಕ್ಷರ ಸುಳ್ಳು ಹೇಳಿಲ್ಲ."

"ನಿಜಾನೂ ಹೇಳಿಲ್ಲ," ಅಂದು ಅರುಂಧತಿ ಒಳಗೆ ಹೋದಳು.

ಮರುದಿನ ಆಯುಧಪೂಜೆ. ದೋಹಾಕ್ಕೆ ಬಂದಾಗಿನಿಂದ ಆ ಮನೆಯಲ್ಲಿ ಪೂಜೆಗೊಳ್ಳುತ್ತಿದ್ದ ಆಯುಧಗಳು ಮಿಕ್ಸಿ, ಕುಕ್ಕರು, ಲ್ಯಾಪ್‌ಟಾಪು, ಇಸ್ತ್ರಿಪೆಟ್ಟಿಗೆ ಮತ್ತು ಕೆಳಗೆ ನಿಂತ ಹಳೇ ಕಾರು. "ಈ ಸಲ ನೋಡು ನಿಜವಾದ ಆಯುಧ!" ಎಂದು ಯತಿರಾಜ್ ಬೀಗಿದ. ನವರಾತ್ರಿಗೆ ಸರಿಯಾಗಿ ಒಂಬತ್ತು! ಅರುಂಧತಿಯೂ ಹಬ್ಬದ ಹುಮ್ಮಸ್ಸಿನಲ್ಲಿದ್ದಳು. ಗೊಂಬೆ ಕೂರಿಸಿದ್ದ ಮೆಟ್ಟಿಲಿನ ಮೇಲೆ ಪಟ್ಟದ ಗೊಂಬೆಗಳ ಎರಡೂ ಪಕ್ಕಕ್ಕೆ ಕಾಡತೂಸುಗಳನ್ನು ಕಾವಲಿನವರಂತೆ ನಿಲ್ಲಿಸಿ, ಒಂದೊಂದಕ್ಕೂ ಗಂಧ ಕುಂಕುಮ ಇಟ್ಟು ಮಂಗಳಾರತಿ ಎತ್ತಿದಳು. ಪೂಜೆ ಮುಗಿದ ಮೇಲೆ ಅವನ್ನು ಹುಣಸೆಹಣ್ಣು ಹಾಕಿ ತಿಕ್ಕಿಯೂ ಕೊಟ್ಟಳು. ಹಿತ್ತಾಳೆ ಅಂದಮೇಲೆ ಅವಳ ಕೈ ಸುಮ್ಮನಿರುವುದಿಲ್ಲ.

ಒಬ್ಬಟ್ಟಿನ ಊಟ ಮುಗಿಸಿ ಯತಿರಾಜ್ ಆಯ್ಕೆಗೆ ಕೂತ. ಮೊದಲು ಇಂಟರ್‌ನೆಟ್ಟು. ನೂರಾ ಮೂವತ್ತು ಗ್ರೇನು ತೂಕ, ನೂರೈವತ್ತು ಗ್ರೇನು ತೂಕ, ಹಗುರ ಗುಂಡಿನ ವೇಗ, ಭಾರದ ಗುಂಡಿನ ಹೊಡೆತ, ಗಾಳಿ ಬೀಸಿದರೆ ಎಷ್ಟು ಸರಿಯುತ್ತದೆ, ಜಿಂಕೆ ಇನ್ನೂರು ಗಜದಾಚೆ ಇದ್ದರೆ ಎಷ್ಟು ಇಳಿಯುತ್ತದೆ! ಓದಿದ ಐದು ಲೇಖನಗಳಲ್ಲಿ ಐದು ಜನ ಐದು ಕಾಡತೂಸನ್ನು ಹೊಗಳಿ, ಉಳಿದ ನಾಲ್ವರನ್ನು ಬೈದಿದ್ದರು. ಯತಿರಾಜ್ ಲ್ಯಾಪ್‌ಟಾಪು ಮುಚ್ಚಿದ.

"ಕೊಳ್ಳೋ ವಿದ್ಯೆ ಒಂದೇ ಕಣೇ. ಹನ್ನೊಂದು ವರ್ಷ ಗೂಟ ಕೊಂಡವನಿಗೆ ಗುಂಡು ಆರಿಸೋಕೆ ಬರಲ್ವಾ?"

ಕೊಳ್ಳುವ ವಿದ್ಯೆಯನ್ನು ಅವನಿಗೆ ಕಲಿಸಿದ್ದು ಕಂಪನಿಯಲ್ಲ, ಅರುಂಧತಿ. ಪ್ರತಿ ಶುಕ್ರವಾರ ತರಕಾರಿ ಮಾರುಕಟ್ಟೆಯಲ್ಲಿ ಅವನ ಪಕ್ಕ ನಿಂತು ಅರೆದು ಕುಡಿಸಿದ್ದಳು. ಬೆಂಡೆಕಾಯಿ ತುದಿ ಮುರಿದು ನೋಡಬೇಕು. ತೆಂಗಿನಕಾಯಿ ಕಿವಿಯ ಹತ್ತಿರ ಅಲ್ಲಾಡಿಸಬೇಕು. ಬದನೆಕಾಯಿ ಸುತ್ತ ತಿರುಗಿಸಿ ತೂತಿದೆಯೋ ನೋಡಬೇಕು. ತೂತಿದ್ದರೆ ಒಳಗೆ ಹುಳ ಇದೆಯೆಂದೇ ಲೆಕ್ಕ, ಮುಲಾಜಿಲ್ಲದೆ ಬಿಸಾಕಬೇಕು.

ಯತಿರಾಜ್ ಕಾಡತೂಸುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿದ. ಬೆಳಕಿಗೆ ಹಿಡಿದು ತಿರುಗಿಸಿದ. ತಟ್ಟನೆ ಕೂಗಿದ.

"ಅರೂ! ಬಾ ಇಲ್ಲಿ! ತೂತು!"

ಅರುಂಧತಿ ಕನ್ನಡಕ ಏರಿಸಿಕೊಂಡು ನೋಡಿದಳು. ಹೌದು, ಮೂರು ಗುಂಡುಗಳ ತುದಿಯಲ್ಲಿ ಸಣ್ಣದೊಂದು ತೂತು. ಇನ್ನು ನಾಲ್ಕರ ತುದಿಯಲ್ಲಿ ತಾಮ್ರದ ಹೊದಿಕೆ ಬಿಟ್ಟುಹೋಗಿ ಒಳಗಿನ ಸೀಸ ಬೂದುಬಣ್ಣಕ್ಕೆ ಕಾಣುತ್ತಿತ್ತು. ಎರಡೇ ಎರಡು ಮಾತ್ರ ಅಡಿಯಿಂದ ಮುಡಿಯವರೆಗೆ ಫಳಫಳ.

"ಬದನೆಕಾಯಾಗಿದ್ರೆ ಹುಳ ಅಂತಿದ್ದೆ. ಇದರ ವಿಷಯ ನನಗೇನು ಗೊತ್ತು? ನಿಮ್ಮ ಶಾಫಿನ ಕೇಳಿ."

ಶಾಫಿ ಅಂದರೆ ಕಂಪನಿಯ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ಉಪ್ಪಿನಂಗಡಿಯ ಕಡೆಯವನು. ಯತಿರಾಜನ ಮೀಸೆ ಕುಣಿಯಿತು.

"ಬೇಟೆ ರಕ್ತದವನು ಕೌಂಟರಿನವನನ್ನ ಕೇಳೋದಾ? ಯಜಮಾನರ ಕಣ್ಣಿಗೂ ಬೀಳದ ದೋಷ ಹಿಡಿದಿದೀನಿ. ಕ್ಯಾಬಿನ್ನು ನಂದೇ ಅಂತ ಬರ್ಕೋ!"

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಆ ಮನೆಯ ಡ್ರಾಯರಿನಲ್ಲಿ ಎಂ-ಸೀಲ್ ಇತ್ತು. ಪ್ರತಿ ರಜೆಗೂ ಊರಿಂದ ಬರುವಾಗ ಹಪ್ಪಳ, ಸಾರಿನ ಪುಡಿಗಳ ನಡುವೆ ನಾಲ್ಕು ಪೊಟ್ಟಣ ಎಂ-ಸೀಲ್ ತರುವುದು ಯತಿರಾಜನ ಪದ್ಧತಿ. ಬಚ್ಚಲಿನ ನಲ್ಲಿ, ಎ.ಸಿ. ಪೈಪು, ಕಾರಿನ ಕನ್ನಡಿ, ಅರುಂಧತಿಯ ಇಡ್ಲಿ ಪಾತ್ರೆಯ ಹಿಡಿ ಎಲ್ಲಕ್ಕೂ ಅದೇ ಔಷಧ. ಎರಡು ಬಣ್ಣದ ಹಿಟ್ಟನ್ನು ಭಕ್ತಿಯಿಂದ ನಾದಿ, ಹಲ್ಲುಕಡ್ಡಿಯ ತುದಿಯಿಂದ ಮೂರು ತೂತಿಗೂ ತುಂಬಿ, ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿದ. ಸೀಸ ಕಾಣುತ್ತಿದ್ದ ನಾಲ್ಕಕ್ಕೆ ಏನು ಮಾಡುವುದು? ಕನ್ನಡಿ ಮುಂದೆ ಅರುಂಧತಿಯ ತಾಮ್ರದ ಬಣ್ಣದ ನೇಲ್ ಪಾಲಿಶ್ ಕಾಣಿಸಿತು.

"ರೀ! ಅದು ತಂಗಿ ಮದುವೆಗೆ ಅಂತ ಎತ್ತಿಟ್ಕೊಂಡಿದ್ದು!"

"ಕ್ಯಾಬಿನ್ನು ಬರಲಿ, ಹತ್ತು ಶೀಶೆ ತಂದ್ಕೊಡ್ತೀನಿ!"

ಎರಡೆರಡು ಕೋಟು ಬಳಿದು ಫ್ಯಾನಿನ ಕೆಳಗೆ ಒಣಗಿಸಿದ.

ಶುಕ್ರವಾರ, ಶನಿವಾರದ ರಜೆ ಮುಗಿದು ಭಾನುವಾರ ಬೆಳಿಗ್ಗೆ ಆಫೀಸು ತೆರೆಯುತ್ತಲೇ ಸರಬರಾಜುದಾರರಿಗೆ ಒಂದು ಇಮೇಲು ಹೋಯಿತು, ಯಜಮಾನರಿಗೂ ಪ್ರತಿ. "ನಿಮ್ಮ ಒಂಬತ್ತು ನಮೂನೆಗಳಲ್ಲಿ ಏಳು ದೋಷಪೂರಿತ. ಮೂರರ ತುದಿಯಲ್ಲಿ ತೂತು, ನಾಲ್ಕರಲ್ಲಿ ಹೊದಿಕೆಯೇ ಮಾಯ! ನಮ್ಮ ಕಡೆಯಿಂದ ತಕ್ಕ ದುರಸ್ತಿ ಮಾಡಿದ್ದೇವೆ. ಮುಂದೆ ಇಂಥ ಸರಕು ಕಳಿಸಬಾರದೆಂದು ಎಚ್ಚರಿಕೆ. ನಿರ್ದೋಷವಾದ ಎರಡು ಬಗೆಯನ್ನು ಮಾತ್ರ ಜಿಂಕೆ ಬೇಟೆಗೆ ಆರಿಸಲಾಗಿದೆ." ದುರಸ್ತಿಯಾದ ಗುಂಡುಗಳ ಫೋಟೋ ಕೂಡ ಲಗತ್ತಿಸಿದ. ಆಮೇಲೆ ಆ ಖಾಲಿ ಕ್ಯಾಬಿನ್ನಿಗೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೂಲೆಯ ಗಿಡಕ್ಕೆ ಒಂದು ಲೋಟ ನೀರು ಹಾಕಿ ಬಂದ.

ಸೋಮವಾರ ಹನ್ನೊಂದಕ್ಕೆ ಕರೆ ಬಂತು. ಬೂ ನಾಸರ್ ಅವರ ಮೇಜಿನ ಮೇಲೆ ಮರದ ಪೆಟ್ಟಿಗೆ ತೆರೆದಿತ್ತು. ಪಕ್ಕದಲ್ಲಿ ಶಾಫಿ ತುಟಿ ಕಚ್ಚಿಕೊಂಡು ನಿಂತಿದ್ದ.

"ಉತ್ತರ ಬಂದಿದೆ," ಅಂದರು ಬೂ ನಾಸರ್. ಕನ್ನಡಕ ಹಾಕಿಕೊಂಡು ಓದಿದರು. "ಮಾನ್ಯ ಮಿಸ್ಟರ್ ಯತಿರಾಜ್ ಅವರು ಗಮನಿಸಿದ ತೂತನ್ನು ನಮ್ಮ ಎಂಜಿನಿಯರುಗಳು ಆರು ವರ್ಷ ಶ್ರಮಪಟ್ಟು ರೂಪಿಸಿದ್ದಾರೆ. ದಯವಿಟ್ಟು ದುರಸ್ತಿ ಮಾಡಬೇಡಿ. ದುರಸ್ತಿಗೆ ಬಳಸಿದ ವಸ್ತು ಯಾವುದೆಂದು ತಿಳಿಯಲು ಮಾತ್ರ ಅವರೆಲ್ಲ ಕಾತರರಾಗಿದ್ದಾರೆ."

ಯತಿರಾಜ್ ಪೆಟ್ಟಿಗೆಯೊಳಗಿನ ತನ್ನ ದುರಸ್ತಿಯನ್ನು ಒಮ್ಮೆ ನೋಡಿದ. ಶಾಫಿಯತ್ತ ತಿರುಗಿ ಮೆಲ್ಲಗೆ ಕನ್ನಡದಲ್ಲಿ ಕೇಳಿದ.

"ಏನಯ್ಯಾ ಇದು?"

"ಎಂತ ಮಾಡಿದ್ರಿ ಮಾರಾಯ್ರೆ!" ಶಾಫಿ ತಲೆ ಮೇಲೆ ಕೈಯಿಟ್ಟುಕೊಂಡ. "ತೂತು ಇರುದೇ ಅದಕ್ಕೆ. ಜಿಂಕೆಗೆ ತಾಗಿದ ಕೂಡ್ಲೆ ಗುಂಡಿನ ತುದಿ ಬಿಚ್ಚಿಕೊಳ್ತದೆ. ಸೀಸ ಕಾಣುದೂ ಅದಕ್ಕೇ. ಒಂದೇ ಏಟಿಗೆ ಬೀಳ್ತದೆ, ಹೆಚ್ಚು ನರಳುದಿಲ್ಲ. ನೀವು ಪಾಸು ಮಾಡಿದ ಎರಡು ಉಂಟಲ್ಲ, ಅದು ಬರೀ ಗುರಿ ಕಲೀಲಿಕ್ಕೆ. ಈಚೆ ಹೊಕ್ಕಿ ಆಚೆ ಹೋಗ್ತದೆ. ಪಾಪ, ಜಿಂಕೆ ಆ ಗಾಯ ಹೊತ್ಕೊಂಡು ಮೈಲಿಗಟ್ಲೆ ಓಡ್ಬೇಕು. ಗದ್ದೆಗೆ ಹಂದಿ ಬರ್ತದೆ ಅಂತ ನನ್ನ ಅಪ್ಪನ ಹತ್ರ ಲೈಸೆನ್ಸಿನ ಕೋವಿ ಇತ್ತು. ಗಾಯ ಮಾಡಿ ಬಿಟ್ಟು ಬಂದ ದಿನ ಅವರು ಊಟ ಮಾಡ್ತಿರ್ಲಿಲ್ಲ. ನನ್ನನ್ನೊಂದು ಮಾತು ಕೇಳ್ಬಾರ್ದಿತ್ತಾ?"

ಯತಿರಾಜನಿಗೆ ನಿಜಕ್ಕೂ ಸಂಕಟವಾಯಿತು. ಕ್ಯಾಬಿನ್ನು, ಮೀಸೆ, ಮರ್ಯಾದೆ ಎಲ್ಲ ಒಂದು ಕ್ಷಣ ಮರೆತುಹೋಯಿತು. ಎಲ್ಲೋ ಕಾಣದ ದೇಶದ ಕಾಡಿನಲ್ಲಿ ತಾನು ಆರಿಸಿಕೊಟ್ಟ ಗಾಯ ಹೊತ್ತು ಓಡುವ ಆ ಜಿಂಕೆಯೊಂದೇ ಕಣ್ಣ ಮುಂದೆ ನಿಂತಿತು. ಒಂದು ಕಾರ್ ಪಾರ್ಕಿಂಗು ನೋಡುವ ಆಸೆಗೆ ಇಷ್ಟೆಲ್ಲ ಬೇಕಿತ್ತೇ?

"ಸಾರ್," ಅಂದ. "ತಪ್ಪಾಯ್ತು. ನಮ್ಮ ತಾತ ಬೇಟೆಗಾರರಲ್ಲ. ಬೇಟೆಗಾರರಿಗೆ ತಿಂಡಿ ಮಾಡಿ ಬಡಿಸ್ತಿದ್ರು. ಅಷ್ಟೇ."

ಬೂ ನಾಸರ್ ಅವನನ್ನೇ ನೋಡಿದರು. "ಮತ್ತೆ ಈ ತೂತು ಮುಚ್ಚೋ ವಿದ್ಯೆ? ಅದನ್ನ ಎಲ್ಲಿ ಕಲಿತೆ?"

ಯತಿರಾಜ್ ತಲೆ ತಗ್ಗಿಸಿಕೊಂಡು ಬದನೆಕಾಯಿಯ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಿದ. ಎಂ-ಸೀಲನ್ನೂ ಬಿಡಲಿಲ್ಲ, ನೇಲ್ ಪಾಲಿಶನ್ನೂ ಬಿಡಲಿಲ್ಲ. ಆಮೇಲೆ ಬೂ ನಾಸರ್ ನಗಲು ಶುರು ಮಾಡಿದರು. ನಕ್ಕ ಭರಕ್ಕೆ ತಲೆಯ ಮೇಲಿನ ಬಿಳಿ ವಸ್ತ್ರ ಜಾರಿ ಹೆಗಲಿಗೆ ಬಂತು.

"ವಲ್ಲಾ, ದೇವರಾಣೆ! ಒಂಬತ್ತೂ ನನ್ನ ಕಣ್ಣ ಮುಂದೆಯೇ ಇದ್ದವು, ಆ ತೂತು ನನಗೆ ಕಂಡಿರಲಿಲ್ಲ. ನಿನ್ನ ಕಣ್ಣು ಕಣ್ಣೇ! ಗುಂಡನ್ನು ಶಾಫಿ ಆರಿಸಲಿ, ಕ್ಯಾಬಿನ್ನೂ ಅವನೇ ಇಟ್ಟುಕೊಳ್ಳಲಿ. ಮುಂದಿನ ತಿಂಗಳಿಂದ ನಮ್ಮ ಮನೆಯವರ ಚಳಿಗಾಲದ ಶಿಬಿರ ಮರಳುಗಾಡಿನಲ್ಲಿ. ನಲವತ್ತು ಜನರ ಅಡುಗೆ. ಅದರ ತರಕಾರಿ ಪೂರ್ತಿ ನೀನು ಆರಿಸು. ಖಲಾಸ್!"

ಹೊರಗೆ ಬಂದು ಯತಿರಾಜ್ ತನ್ನ ಹಳೇ ಕುರ್ಚಿಯಲ್ಲಿ ಕೂತ. ಪ್ರಿಂಟರಿನಿಂದ ಬಿಸಿ ಹಾಳೆಯೊಂದು ಬಂದು ಮೊಣಕೈಗೆ ತಗುಲಿತು. ಶಾಫಿಯ ಬಡ್ತಿಯ ಪತ್ರ.

ನವೆಂಬರಿನ ಮೊದಲ ಶುಕ್ರವಾರ, ಬೆಳಗಿನ ಐದಕ್ಕೇ ಮಾರುಕಟ್ಟೆಗೆ ಹೋಗಿ ಯತಿರಾಜ್ ಒಂದು ಬುಟ್ಟಿ ಬದನೆಕಾಯಿ ಆರಿಸಿ ತಂದ. ಶಿಬಿರಕ್ಕೆ ಕಳಿಸುವ ಮೊದಲು ಹೆಂಡತಿಗೆ ತೋರಿಸಿ ಒಂದು ಶಹಭಾಸ್ ಪಡೆಯುವ ಆಸೆ. ಬುಟ್ಟಿಯನ್ನು ಅಡುಗೆಮನೆಯ ನೆಲದ ಮೇಲಿಟ್ಟು ಎದೆಯುಬ್ಬಿಸಿದ.

"ನೋಡು ಅರೂ! ಗುಂಡು ಬಿಡು, ಅದು ನಮ್ಮ ಮನೆತನದ ಕಸುಬಲ್ಲ. ಅಡುಗೆ ಮನೆ ನಮ್ಮದು! ಒಂದೊಂದನ್ನೂ ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ಆರಿಸಿದ್ದು. ಯಜಮಾನರೇ ಮೆಚ್ಚಿದ ಕಣ್ಣು ಇದು!"

ಅರುಂಧತಿ ಒಂದು ಬದನೆಕಾಯಿ ಎತ್ತಿಕೊಂಡಳು. ತಿರುಗಿಸಿದಳು. ಪಕ್ಕಕ್ಕಿಟ್ಟಳು. ಇನ್ನೊಂದು ಎತ್ತಿಕೊಂಡಳು. ಅದನ್ನೂ ಪಕ್ಕಕ್ಕಿಟ್ಟಳು. ಮೂರನೆಯದನ್ನು ತೊಟ್ಟಿನ ಹತ್ತಿರ ದಿಟ್ಟಿಸಿ ನೋಡಿ ಒಳಗೆ ಹೋದಳು. ಡ್ರಾಯರು ಎಳೆದ ಸದ್ದಾಯಿತು.

ಹೊರಗೆ ಬಂದು ಗಂಡನ ಕೈಯಲ್ಲಿ ಒಂದು ಪೊಟ್ಟಣ ಇಟ್ಟಳು.

"ತಗೊಳ್ಳಿ, ಎಂ-ಸೀಲು. ಮೂರಕ್ಕೆ ಸಾಕಾಗುತ್ತೆ."